ಎಷ್ಟಾಣೆ?

ಶಕುಂತಲಾ ಶಿವಮೊಗ್ಗದ ಆಸ್ಪತ್ರೆಯಿಂದ ಶಿರಾಳಕೊಪ್ಪದ ಮನೆಗೆ ಮರಳಿದಾಗ ಅವಳ ಹೊಟ್ಟೆಯ ಮೇಲೆ ನಾಲ್ಕು ಪಟ್ಟಿಗಳಿದ್ದವು. ಒಂದೊಂದೂ ಅಂಚೆ ಚೀಟಿಯಷ್ಟು. ಅತ್ತೆ ವೀರಮ್ಮ ಸೊಸೆಯನ್ನು ಕೋಣೆಗೆ ಕರೆದೊಯ್ದು, ಸೆರಗು ಸರಿಸಿ, ನಾಲ್ಕನ್ನೂ ನೋಡಿ ಪಡಸಾಲೆಗೆ ಬಂದಳು.

"ಇಷ್ಟೇನಾ?" ಎಂದಳು ಮಗನಿಗೆ. "ಹೊಟ್ಟೆ ಸೀಳ್ಯಾರೆ ಅಂತ ನಾನು ಮೂರು ದಿನ ನಿದ್ದೆಗೆಟ್ಟೆ. ಇದಕ್ಕಿಂತ ದೊಡ್ಡ ಗಾಯ ನಮ್ಮ ಈಳಿಗೆಮಣೆ ಮಾಡ್ತೈತೆ."

"ಹೊರಗೆ ಸಣ್ಣದು ಅವ್ವ. ಒಳಗೆ ಪಿತ್ತಕೋಶನೇ ತೆಗೆದಾರೆ," ಎಂದ ರೇಣುಕಾಪ್ರಸಾದ್. "ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ, ಟಿ.ವಿ.ಯಾಗೆ ನೋಡ್ಕೊಂತ ಮಾಡೋ ಆಪರೇಷನ್ನು."

"ನಾವು ಸಿಲಿಂಡರಿಗೆ ಬರೆಸಿ ಎರಡು ವರ್ಷ ಆತು, ಗ್ಯಾಸ್ ಬಂದಿಲ್ಲ. ಇವಳ ಹೊಟ್ಟೆಗೆ ಬಂತು ನೋಡು."

ರೇಣುಕಾಪ್ರಸಾದ್ ನಕ್ಕ. ಕೋಣೆಯಲ್ಲಿ ಶಕುಂತಲಾಳಿಗೂ ನಗು ಬಂತು. ನಗಲು ಹೋದವಳು ಹೊಟ್ಟೆ ಹಿಡಿದು ಅರ್ಧಕ್ಕೆ ನಿಲ್ಲಿಸಿದಳು.

ಅದು ಸಾವಿರದ ಒಂಬೈನೂರ ತೊಂಬತ್ತೆಂಟರ ಜನವರಿ ಇಪ್ಪತ್ತೆರಡು, ಗುರುವಾರ. ಶಸ್ತ್ರಚಿಕಿತ್ಸೆಯಾದದ್ದು ಸೋಮವಾರ.

ಮನೆಯ ಹಿರಿಯರು ಪರಮಶಿವಪ್ಪ ಮೇಷ್ಟ್ರು. ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಉತ್ತರ ಸರಿಯಿದ್ದರೂ ಎರಡು ಸಾಲು ಹೆಚ್ಚಿಗೆ ಬರೆದ ಹುಡುಗನಿಗೆ ಅರ್ಧ ಅಂಕ ಕಳೆಯುತ್ತಿದ್ದರು. ಮನೆಯ ಮಾತಿಗೂ ಅದೇ ನಿಯಮ ನಡೆಯುತ್ತಿತ್ತು.

"ಡಾಕ್ಟ್ರು ಏನಂದ್ರು? ಕತೆ ಬೇಡ. ಅಂದದ್ದು ಹೇಳು," ಎಂದರು ಮಗನಿಗೆ.

ಹಗ್ಗ, ಗೋಣಿಚೀಲ ಮಾರುವ ಅಂಗಡಿಯನ್ನು ನಾಲ್ಕು ದಿನ ಮುಚ್ಚಿ ಬಂದಿದ್ದ ರೇಣುಕಾಪ್ರಸಾದ್ ಬೆರಳು ಮಡಚುತ್ತ ಹೇಳಿದ. "ನೋವಿನ ಗುಳಿಗೆ ಮೂರು ದಿನ, ದಿನಕ್ಕೆ ಮೂರು. ಆಮೇಲೆ ನೋವಿದ್ರೆ ಮಾತ್ರ, ಸುಮ್ಮನೆ ತಿಂದ್ರೆ ಹೊಟ್ಟೆ ಉರಿತೈತೆ. ಆ ಗ್ಯಾಸಿಗೆ ಹೆಗಲು ನೋಯ್ತೈತಂತೆ, ಎರಡು ಮೂರು ದಿನಕ್ಕೆ ಹೋಗ್ತೈತಂತೆ. ಎಣ್ಣೆ, ಜಿಡ್ಡು ಬೇಡ. ಒಳಗಿನ ನೋವು ಎಷ್ಟೈತೆ ಅಂತ ದಿನಾ ಕೇಳಿ ಬರ್ಕೊಬೇಕಂತೆ, ಹತ್ತಕ್ಕೆ ಎಷ್ಟು ಅಂತ. ದಿನದಿಂದ ದಿನಕ್ಕೆ ಇಳೀಬೇಕು. ಏರಿದ್ರೆ ಆವತ್ತೇ ಕರ್ಕೊಂಡು ಬರ್ರಿ ಅಂದಾರೆ."

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಚರ್ಮದ ನೋವನ್ನು ಬೆರಳಿಟ್ಟು ತೋರಿಸಬಹುದು, ಒಳಾಂಗದ ನೋವಿಗೆ ಬೆರಳಿಡಲು ಬರುವುದಿಲ್ಲ, ಅಂಗೈ ಆಡಿಸುತ್ತಾರೆ, ಅದನ್ನು ಸುಳ್ಳೆನ್ನಬೇಡಿ ಎಂದು. ಅದರಲ್ಲಿ ಸಂಖ್ಯೆ ಇರಲಿಲ್ಲವಾದ್ದರಿಂದ ರೇಣುಕಾಪ್ರಸಾದ್ ತಂದೆಗೆ ಅದನ್ನು ಹೇಳಲಿಲ್ಲ.

"ಹತ್ತಕ್ಕೆ ಯಾಕೆ?" ಎಂದರು ಮೇಷ್ಟ್ರು. "ಹತ್ತರ ಅರ್ಧ ಐದು. ಇನ್ನೊಂದು ಸಲ ಅರ್ಧ ಮಾಡಕ್ಕೆ ಹೋದ್ರೆ ಮುರೀತು. ಹದಿನಾರನ್ನ ನಾಕು ಸಲ ಅರ್ಧ ಮಾಡು, ಮುರಿಯಲ್ಲ. ಆಣೆ ಲೆಕ್ಕದಾಗೆ ಕೇಳಾಣ. ಹಳ್ಳಿ ಹೆಣ್ಣುಮಗಳು, ಅವಳಿಗೂ ತಿಳೀತೈತೆ."

ಆಣೆ ಚಲಾವಣೆ ತಪ್ಪಿ ನಲವತ್ತು ವರ್ಷವಾಗಿತ್ತು. ಆದರೆ ಮಳೆ ಎಷ್ಟಾಣೆ, ಬೆಳೆ ಎಷ್ಟಾಣೆ, ಜ್ವರ ಎಷ್ಟಾಣೆ ಎಂದು ಆ ಸೀಮೆಯ ಜನ ಇನ್ನೂ ಹದಿನಾರರಲ್ಲೇ ಅಳೆಯುತ್ತಿದ್ದರು. ಮೇಷ್ಟ್ರ ಮಾತಿನಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಶಕುಂತಲಾ ಮಾವನ ಎದುರು ನಿಂತು ಮಾತಾಡಿದವಳಲ್ಲ. ಹೇಳುವುದಿದ್ದರೆ ಬಾಗಿಲ ಮರೆಯಿಂದ, ಅತ್ತೆಯ ಮೂಲಕ ಇಲ್ಲವೇ ಮಗಳ ಮೂಲಕ. ಅವರೂ ಸೊಸೆಯನ್ನು ಹೆಸರು ಹಿಡಿದು ಕರೆದವರಲ್ಲ. ಆದ್ದರಿಂದ ಕೇಳಿ ಬರುವ ಕೆಲಸ ಏಳನೆಯ ತರಗತಿಯ ಮೊಮ್ಮಗಳು ಚೈತ್ರಶ್ರೀಯ ಪಾಲಿಗೆ ಬಂತು.

"ಏನಂತ ಕೇಳ್ಲಿ ಅಜ್ಜ? 'ಅಮ್ಮ, ನಿನಗೆ ಈವತ್ತು ಒಳಗೆ ನೋವು ಎಷ್ಟಾಣೆ ಐತೆ' ಅಂತನಾ?"

"ಅಷ್ಟುದ್ದ ಯಾಕೆ? ಎಷ್ಟಾಣೆ ಅಂತ ಕೇಳು. ಸಾಕು."

ಚೈತ್ರ ಕೋಣೆಗೆ ಹೋಗಿ ಕೇಳಿದಳು. "ಅಮ್ಮ, ಎಷ್ಟಾಣೆ? ಅಜ್ಜ ಬರ್ಕೊತಾರಂತೆ."

ಶಕುಂತಲಾ ಸೂರು ನೋಡುತ್ತ ಲೆಕ್ಕ ಹಾಕಿದಳು. "ಎಂಟಾಣೆ ಅನ್ನು," ಎಂದಳು.

ಪಡಸಾಲೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಇಪ್ಪತ್ತೆರಡರ ಮನೆಯಲ್ಲಿ ಮೇಷ್ಟ್ರು ಎಂಟು ಎಂದು ಬರೆದರು.

ಶುಕ್ರವಾರ ಶಕುಂತಲಾಳ ಬಲಹೆಗಲು ಹಿಡಿದುಕೊಂಡಿತು. ಕೈ ಎತ್ತಿ ತಲೆ ಬಾಚಲಾಗಲಿಲ್ಲ. ವೀರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅರವತ್ತಾರರ ವಯಸ್ಸಿಗೆ ಅಡುಗೆಮನೆ ಅವಳ ಕೈಗೆ ಮರಳಿ ಬಂದಿತ್ತು. ಐದು ಜನರ ರೊಟ್ಟಿ, ಕೊಟ್ಟಿಗೆಯ ಎಮ್ಮೆ, ಬಚ್ಚಲ ಒಲೆ.

"ಹೊಟ್ಟೆ ಕೊಯ್ದ್ರೆ ಹೆಗಲು ನೋಯ್ತೈತಾ?" ಎಂದಳು. "ನಾಳೆ ಮೂಗು ಕೊಯ್ದ್ರೆ ಮೊಣಕಾಲು ನೋಯ್ತೈತೆ."

"ಡಾಕ್ಟ್ರು ಮೊದಲೇ ಅಂದಾರಲ್ಲ ಅವ್ವ," ಎಂದ ಮಗ.

"ಅಂದಾರೆ, ಅಂದಾರೆ. ನಂಗೆ ಯಾವ ಡಾಕ್ಟ್ರೂ ಅನ್ನಲಿಲ್ಲ. ಮೂರು ಹೆತ್ತೆ. ಹನ್ನೊಂದನೇ ದಿನ ಒಲೆ ಮುಂದೆ ಕೂತೆ."

ಹಾಗೆಂದರೂ ಅವಳೇ ಗಂಜಿ ಕಾಸಿ, ಉಪ್ಪು ಹಾಕಿ, ಆರಿಸಿ ಕೋಣೆಗೆ ಒಯ್ದಳು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹೆಗಲು ತಿಕ್ಕಿದಳು.

ಆ ಸಂಜೆ ಚೈತ್ರ "ಏಳಂತೆ ಅಜ್ಜ" ಎಂದಳು. ಶನಿವಾರ ಆರು. ಭಾನುವಾರವೂ ಆರು. ಭಾನುವಾರದ ಹೊತ್ತಿಗೆ ಹೆಗಲಿನ ನೋವು ಹೇಳಿದ ಹಾಗೆಯೇ ಹೋಯಿತು. ಮನೆಯವರಿಗೆ ಡಾಕ್ಟರ ಮೇಲೆ ಭರವಸೆ ಹೆಚ್ಚಿತು.

ಮೂರು ದಿನದ ಗುಳಿಗೆ ಮುಗಿದ ಮೇಲೆ ಎಷ್ಟು ಕೊಡಬೇಕೆಂಬ ಪ್ರಶ್ನೆ ಬಂತು. "ನೋವಿದ್ರೆ ಮಾತ್ರ ಅಂದಾರೆ," ಎಂದರು ಮೇಷ್ಟ್ರು. "ನೋವು ಇಳಿದಂಗೆ ಗುಳಿಗೆ ಇಳಿಸ್ಬೇಕು. ಎಂಟಾಣೆಗೆ ಮೂರಾದ್ರೆ ಆರಾಣೆಗೆ ಎಷ್ಟು, ಚೈತ್ರ?"

"ಎರಡೂಕಾಲು ಅಜ್ಜ."

"ಸರಿ."

ಮೇಷ್ಟ್ರು ಅಡಕತ್ತರಿಯಿಂದ ಗುಳಿಗೆಯನ್ನು ನಾಲ್ಕು ಪಾಲು ಮಾಡಿದರು. ಪುಡಿಯೂ ವ್ಯರ್ಥವಾಗದಂತೆ ಕಾಗದದಲ್ಲಿ ಕಟ್ಟಿದರು. ಇದರಲ್ಲಿ ಜಿಪುಣತನವಿರಲಿಲ್ಲ. ಬೇಡದ ಮದ್ದು ಹೊಟ್ಟೆ ಸುಡುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಸೊಸೆಗೆ ಹೊಟ್ಟೆ ಸುಡಬಾರದು ಎಂಬುದು ಅವರ ಕಾಳಜಿ.

ಸೋಮವಾರ ಗಣರಾಜ್ಯೋತ್ಸವ. ಚೈತ್ರ ಶಾಲೆಯಲ್ಲಿ ಬಾವುಟ ಹಾರಿಸಿ, ಎರಡು ಪೆಪ್ಪರಮೆಂಟು ತಂದಳು. ಒಂದನ್ನು ತಾಯಿಯ ಬಾಯಿಗೆ ಹಾಕಲು ಹೋದಾಗ ಶಕುಂತಲಾ ಮುಖ ತಿರುಗಿಸಿದಳು.

"ಬೇಡ ಪುಟ್ಟಿ. ಹೊಟ್ಟೆ ತುಂಬಿದಂಗೈತೆ."

"ಏನೂ ತಿಂದಿಲ್ಲಲ್ಲಮ್ಮ."

ವೀರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆ ದಿನ ಬೆಳಿಗ್ಗೆ ಎಮ್ಮೆ ಒದ್ದು ಹಾಲು ಚೆಲ್ಲಿತ್ತು. ಅಂಗಡಿಗೆ ಬಂದ ಇಬ್ಬರು ಬಂಧುಗಳಿಗೂ ಸೇರಿಸಿ ಏಳು ಜನರ ರೊಟ್ಟಿ ಬಡಿದು ಅವಳ ಸೊಂಟ ಬಿದ್ದುಹೋಗಿತ್ತು.

"ಏಳವ್ವ, ಒಂದು ಹತ್ತು ರೊಟ್ಟಿಗೆ ಹಿಟ್ಟಾದ್ರೂ ಮಿದ್ದು ಕೊಡು," ಎಂದಳು. "ಆಣೆ ದಿನಾ ಇಳೀತೈತೆ, ಮುಖ ಮಾತ್ರ ದಿನಾ ಊದ್ತೈತೆ."

ಶಕುಂತಲಾ ಎದ್ದಳು. ಗೋಡೆ ಹಿಡಿದು ಅಡುಗೆಮನೆಗೆ ಬಂದು, ಪರಾತದ ಮುಂದೆ ಕೂತು, ಎರಡು ಸಲ ಹಿಟ್ಟನ್ನು ಒತ್ತಿದಳು. ಮೂರನೆಯ ಸಲಕ್ಕೆ ಕೈ ಬಿಟ್ಟು ಹಾಗೆಯೇ ಮುಂದಕ್ಕೆ ಬಾಗಿದಳು.

"ಎಲ್ಲಿ ನೋವು? ಬೆರಳಿಟ್ಟು ತೋರ್ಸು."

ಶಕುಂತಲಾ ಬೆರಳು ಇಡಲಿಲ್ಲ. ಹಿಟ್ಟು ಮೆತ್ತಿದ ಅಂಗೈಯನ್ನು ಹೊಕ್ಕುಳಿನ ಸುತ್ತ, ಪಕ್ಕೆಯ ಕೆಳಗೆ, ಮತ್ತೆ ಮಧ್ಯಕ್ಕೆ ಆಡಿಸಿದಳು. ಸೀರೆಯ ಮೇಲೆ ಬಿಳಿಯ ಸುತ್ತುಗಳು ಉಳಿದವು. "ಇಲ್ಲಿ ಅತ್ತೆ. ಇಲ್ಲೆಲ್ಲ."

"ಇಲ್ಲೆಲ್ಲ ಅಂದ್ರೆ? ಊರು ತುಂಬಾ ನೋವಾ? ವಿಳಾಸ ಇಲ್ಲದ ನೋವು ನಾನು ಕಂಡಿಲ್ಲವ್ವ."

ಶಕುಂತಲಾ ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. ಬಂದ ಗೋಡೆಯನ್ನೇ ಹಿಡಿದು ವಾಪಸು ಹೋದಳು. ಸಂಜೆ ಚೈತ್ರ ಕೇಳಿದಾಗ ಐದು ಎಂದಳು.

ಐದಾಣೆಗೆ ಒಂದೂಮುಕ್ಕಾಲು ಗುಳಿಗೆ, ಮೇಲೆ ಅರೆಕಾಲು. ಅರೆಕಾಲನ್ನು ಕತ್ತರಿಸಲು ಅಡಕತ್ತರಿಗೆ ಬರಲಿಲ್ಲ. ಮೇಷ್ಟ್ರು ಒಂದೂಮುಕ್ಕಾಲಿಗೆ ನಿಲ್ಲಿಸಿದರು.

ಮಂಗಳವಾರ ಬೆಳಿಗ್ಗೆ ಅಂಗಡಿಗೆ ಹೊರಟ ಗಂಡನ ತೋಳನ್ನು ಶಕುಂತಲಾ ಹಿಡಿದಳು.

"ಹಿಂಡ್ತೈತೆ ರೀ. ಒಳಗೆ ಒದ್ದೆ ಬಟ್ಟೆ ಹಿಂಡಿದಂಗೆ. ಒಂದು ಗಳಿಗೆ ಬಿಡ್ತೈತೆ, ಮತ್ತೆ ಹಿಂಡ್ತೈತೆ."

"ಅಪ್ಪಂಗೆ ಹೇಳಿದೀಯಲ್ಲ?"

"ದಿನಾ ಹೇಳೀನಿ."

"ಏನಂದ್ರು?"

"ಬರ್ಕೊಂಡ್ರು."

"ಮತ್ತೆ? ಅವರು ಬರ್ಕೊಂಡ್ರೆ ಮುಗೀತು. ಅಪ್ಪನ ಲೆಕ್ಕ ತಪ್ಪಿದ್ದು ನಾನು ಹುಟ್ಟಿದ ಮೇಲೆ ಕಂಡಿಲ್ಲ."

"ಗುಳಿಗೆ ಕಮ್ಮಿ ಮಾಡ್ಯಾರಲ್ಲ ರೀ."

"ಜಾಸ್ತಿ ತಿಂದ್ರೆ ಹೊಟ್ಟೆ ಉರಿತೈತೆ, ಅದಕ್ಕೆ. ಅವರು ನೋಡ್ಕೊತಾರೆ ಬಿಡು."

ಶಕುಂತಲಾ ತೋಳು ಬಿಟ್ಟಳು. ರೇಣುಕಾಪ್ರಸಾದ್ ಹೋಗುವಾಗ ಕ್ಯಾಲೆಂಡರಿನ ಮುಂದೆ ನಿಂತ. ಎಂಟು, ಏಳು, ಆರು, ಆರು, ಐದು. ಇಳಿಯುತ್ತಿತ್ತು. ಅವನು ಸಮಾಧಾನದಿಂದ ಚಪ್ಪಲಿ ಮೆಟ್ಟಿದ.

ಬುಧವಾರ ಅವಳು ಎರಡು ಸಲ ವಾಂತಿ ಮಾಡಿದಳು. ಹಸಿರು ನೀರು. ಹೊಟ್ಟೆ ಉಬ್ಬಿತ್ತು. ವೀರಮ್ಮ ಗ್ಯಾಸೆಂದು ಓಂಕಾಳಿನ ಕಷಾಯ ಕೊಟ್ಟಳು. ಅದೂ ಹೊರಗೆ ಬಂತು. ಬಟ್ಟಲು ಹಿಡಿದಿದ್ದ ವೀರಮ್ಮನಿಗೆ ಸೊಸೆಯ ಕೈ ತಾಗಿತು. ಬಿಸಿಯಾಗಿತ್ತು. ಅವಳು ಬಟ್ಟಲು ತೊಳೆದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಗಂಡನ ಹತ್ತಿರ ಬಂದಳು.

"ರೀ, ಅವಳ ಮುಖ ಸರಿ ಇಲ್ಲ. ಡಾಕ್ಟ್ರ ಹತ್ರ ಹೋಗಾಣ."

"ನಿನ್ನೆ ನಾಕು. ಈವತ್ತು ಮೂರು. ಇಳೀತೈತೆ."

"ನಾನು ಮುಖ ನೋಡಿ ಹೇಳ್ತೀನಿ."

"ಮುಖದಾಗೆ ಅಂಕಿ ಇರಲ್ಲ. ಮೊನ್ನೆ ನೀನೇ ಅಂದಿ, ನಾಟಕ ಅಂತ."

"ನಾಟಕ ಅನ್ನಲಿಲ್ಲ. ಮುಖ ಊದ್ತೈತೆ ಅಂದೆ."

"ಎರಡೂ ಒಂದೇ."

ವೀರಮ್ಮ ಒಳಗೆ ಹೋದಳು. ಕೊಡ ಎತ್ತಿಕೊಂಡು ನೀರಿಗೆ ಹೋಗುವವಳಂತೆ ಹೊರಟು ಬಸ್ ನಿಲ್ದಾಣಕ್ಕೆ ನಡೆದಳು. ಸೊರಬದ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಸೊಸೆಯ ತವರೂರು ಕುಪ್ಪಗಡ್ಡೆಯವನು. "ನಿಮ್ಮೂರ ಲೋಕಮ್ಮಂಗೆ ಹೇಳಪ್ಪ, ಮಗಳನ್ನ ನೋಡಕ್ಕೆ ಬರಬೇಕಂತೆ ಅಂತ. ನಾಳೆನೇ," ಎಂದು ಹೇಳಿ, ಖಾಲಿ ಕೊಡದೊಂದಿಗೆ ಮನೆಗೆ ಬಂದಳು.

ಗುರುವಾರ ಹನ್ನೊಂದು ಗಂಟೆಗೆ ಶಕುಂತಲಾಳ ತಾಯಿ ಲೋಕಮ್ಮ ಬಂದಳು. ಕೈಯಲ್ಲಿ ಗಂಜಿಗೆ ಕೆಂಪಕ್ಕಿ, ಒಂದು ಅಚ್ಚು ಬೆಲ್ಲ. ಪಡಸಾಲೆಯಲ್ಲಿ ಬೀಗರಿಗೆ ಕೈಮುಗಿದು ನೇರ ಕೋಣೆಗೆ ಹೋದಳು. ಮೇಷ್ಟ್ರು ಆಗ ಅಡಕತ್ತರಿ ಹಿಡಿದು ಗುಳಿಗೆಯ ಪೊಟ್ಟಣ ಬಿಚ್ಚುತ್ತಿದ್ದರು. ಮೂರಾಣೆಗೆ ಒಂದು, ಮೇಲೆ ಅರೆಕಾಲು. ಒಂದೇ ಕೊಡುವುದೆಂದು ನಿಶ್ಚಯಿಸಿದ್ದರು.

ಒಳಗಿನ ಮಾತು ಅವರಿಗೆ ಕೇಳಿಸಿತು.

"ಎಷ್ಟಾಣೆ ಆಯ್ತೇ ಮಗಾ?"

"ಎರಡಾಣೆ ಅವ್ವ."

"ಎರಡೇ ಆಣೆಯನೇ? ಕೊಯ್ದು ಹತ್ತು ದಿನ ಆಯ್ತಲ್ಲೇ!"

ಲೋಕಮ್ಮ ಹೊರಗೆ ಬಂದಳು. ಅಕ್ಕಿಯ ಚೀಲ ಇನ್ನೂ ಕೈಯಲ್ಲೇ ಇತ್ತು.

"ಬೀಗರೇ, ಮಗಳು ಎರಡಾಣೆಗೆ ಇಳಿದಿದಾಳೆ. ನೀವು ಇನ್ನೂ ಮನೇಲಿ ಮಲಗ್ಸಿಕೊಂಡು ಎಂತ ಮಾಡ್ತಿದೀರಿ?"

"ಎರಡಾಣೆಗೆ ಇಳಿದಾಳೆ ಅಂತಲೇ ಮಲಗ್ಸಿರೋದು," ಎಂದರು ಮೇಷ್ಟ್ರು. "ಇನ್ನೆರಡು ದಿನಕ್ಕೆ ಸೊನ್ನೆ."

"ಸೊನ್ನೆ ಆದ್ರೆ ಉಳಿಯೋದು ಎಂತ? ಹೆಣ!"

ವೀರಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಬಿಡ್ತು ಅನ್ರಿ ಬೀಗ್ತಿ!"

"ನಾನ್ಯಾಕೆ ಬಿಡ್ತು ಅನ್ಲಿ? ಎರಡಾಣೆ ಗುಣ ಇಟ್ಕೊಂಡು ಮನುಷ್ಯ ಎಷ್ಟು ದಿನ ಇರ್ತಾನೆ?"

"ಗುಣ?" ಎಂದರು ಮೇಷ್ಟ್ರು.

"ಮತ್ತೆಂತ? ಕಾಯಿಲೆಯವರನ್ನ ಎಷ್ಟಾಣೆ ಅಂತ ಕೇಳೋದು ಗುಣ ಎಷ್ಟಾಣೆ ಅಂತ ಅಲ್ಲದನೇ? ಹದಿನಾರಾದ್ರೆ ಎದ್ದು ಓಡಾಡ್ತಾರೆ. ನೋವಿನ ಹೆಸರು ತೆಗೆದ್ರೆ ನೋವು ಹೆಚ್ತದೆ ಅಂತ ನಮ್ಮ ಮನೇಲಿ ಅದನ್ನ ಯಾರೂ ಬಾಯಲ್ಲಿ ಆಡಾದಿಲ್ಲ. ಗುಣಾನೇ ಕೇಳೋದು, ಗುಣಾನೇ ಹೇಳೋದು."

ಮೇಷ್ಟ್ರು ಎದ್ದು ಕ್ಯಾಲೆಂಡರಿನ ಮುಂದೆ ನಿಂತರು. ಎಂಟು, ಏಳು, ಆರು, ಆರು, ಐದು, ನಾಲ್ಕು, ಮೂರು. ಒಂದೊಂದನ್ನೇ ಹದಿನಾರರಿಂದ ಕಳೆದರು. ಎಂಟು, ಒಂಬತ್ತು, ಹತ್ತು, ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಇಂದಿಗೆ ಹದಿನಾಲ್ಕು. ಹದಿನಾರರಿಂದ ಎಂಟು ಕಳೆದರೆ ಎಂಟೇ ಉಳಿಯುತ್ತದೆ. ಮೊದಲ ದಿನ ಇಬ್ಬರ ಲೆಕ್ಕವೂ ಒಂದೇ ಮನೆಯಲ್ಲಿ ನಿಂತಿತ್ತು. ಮರುದಿನದಿಂದ ಒಂದು ಇಳಿಯುತ್ತ, ಇನ್ನೊಂದು ಏರುತ್ತ ಹೋಗಿದ್ದವು.

ಅವರ ಅಂಗೈಯಲ್ಲಿ ಒಂದು ಗುಳಿಗೆ ಇತ್ತು. ಅವರದೇ ಸೂತ್ರ ಹಿಡಿದರೆ ಹದಿಮೂರಾಣೆಗೆ ಐದು, ಅರೆಕಾಲು ಕಡಿಮೆ. ಆದರೆ ಆ ಸೂತ್ರವೇ ಬೇಕಿರಲಿಲ್ಲ. ಶುಕ್ರವಾರವೇ ಕರೆದೊಯ್ಯಬೇಕಾಗಿತ್ತು.

ಕೋಣೆಯಿಂದ ಸೊಸೆಯ ದನಿ ಬಂತು. ತಾಯಿಗೆ ಹೇಳಿದ್ದು.

"ದಿನಾ ಹೇಳಿದೆ ಅವ್ವ. ದಿನಾ ಬರ್ಕೊಂಡ್ರು."

ಅರ್ಧ ಗಂಟೆಯೊಳಗೆ ರೇಣುಕಾಪ್ರಸಾದ್ ಬಾಡಿಗೆ ಕಾರು ತಂದ. ಕಾರು ಶಿಕಾರಿಪುರ ದಾಟಿ ಶಿವಮೊಗ್ಗದ ಕಡೆ ಓಡಿತು. ಹಿಂದಿನ ಸೀಟಿನಲ್ಲಿ ಶಕುಂತಲಾಳ ತಲೆ ತಾಯಿಯ ತೊಡೆಯ ಮೇಲೆ, ಕಾಲು ಅತ್ತೆಯ ತೊಡೆಯ ಮೇಲೆ ಇದ್ದವು. ರಸ್ತೆ ಕೆಟ್ಟಲ್ಲೆಲ್ಲ ವೀರಮ್ಮ ಎರಡೂ ಕೈಯಿಂದ ಆ ಕಾಲನ್ನು ಒತ್ತಿ ಹಿಡಿಯುತ್ತಿದ್ದಳು. ಮುಂದಿನ ಸೀಟಿನಲ್ಲಿ ಮಗನ ಪಕ್ಕಕ್ಕೆ ಮೇಷ್ಟ್ರು. ಮಡಿಲಲ್ಲಿ ಕ್ಯಾಲೆಂಡರಿನ ಜನವರಿಯ ಹಾಳೆಯಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು "ಎಲ್ಲಿ ನೋವಮ್ಮ?" ಎಂದರು. ಶಕುಂತಲಾ ಅಂಗೈ ಆಡಿಸಿದಳು. ಡಾಕ್ಟರು ಅಷ್ಟಕ್ಕೇ ತಲೆಯಾಡಿಸಿ, ಮೆಲ್ಲಗೆ ಹೊಟ್ಟೆ ಮುಟ್ಟಿ, ದಾದಿಯ ಕಡೆ ತಿರುಗಿ ಸಿದ್ಧತೆಗೆ ಹೇಳಿದರು. ಒಳಗೆ ಪಿತ್ತರಸ ಸೋರುತ್ತಿತ್ತು. ಈ ಸಲ ತೂತುಗಳಲ್ಲಿ ಆಗುವುದಿಲ್ಲ, ಹೊಟ್ಟೆ ತೆರೆದೇ ತೊಳೆಯಬೇಕು ಎಂದರು.

"ನೋವು ಯಾವಾಗಿನಿಂದ ಏರ್ತಾ ಇತ್ತು?"

"ಮನೆಗೆ ಬಂದ ಮರುದಿನದಿಂದ," ಎಂದರು ಮೇಷ್ಟ್ರು. "ಬರ್ಕೊಂಡೀನಿ." ಹಾಳೆಯನ್ನು ಮೇಜಿನ ಮೇಲೆ ಇಟ್ಟರು.

ಡಾಕ್ಟರು ಹಾಳೆ ನೋಡಿದರು. "ಇಲ್ಲಿ ಇಳಿದಿದೆಯಲ್ಲ?"

"ಏರಿದೆ. ಬರೆದದ್ದು ತಿರುವುಮುರುವು."

ಡಾಕ್ಟರಿಗೆ ಅರ್ಥವಾಗಲಿಲ್ಲ. ವಿವರಿಸಲು ಆಗ ಸಮಯವೂ ಇರಲಿಲ್ಲ.

ಶಕುಂತಲಾ ಬದುಕಿದಳು. ಆದರೆ ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದಳು. ಅದರಲ್ಲಿ ಆರು ದಿನ ಯಾರನ್ನೂ ಗುರುತಿಸಲಿಲ್ಲ. ಪಕ್ಕೆಯಿಂದ ಒಂದು ನಳಿಕೆ, ಅದರ ತುದಿಗೆ ಒಂದು ಚೀಲ. ಅಂಚೆ ಚೀಟಿಯಷ್ಟಿದ್ದ ಪಟ್ಟಿಗಳ ನಡುವೆ ಒಂದು ಗೇಣುದ್ದದ ಹೊಲಿಗೆ ಬಂತು. ದಾದಿ ಪಟ್ಟಿ ಬದಲಿಸುವಾಗ ವೀರಮ್ಮ ಅದನ್ನು ನೋಡಿದಳು.

"ಈಗ ಬೆರಳಿಟ್ಟು ತೋರ್ಸೋ ಗಾಯ ಆತು," ಎಂದಳು. ಹೇಳಿ ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು.

ಬಿಡುಗಡೆಯ ದಿನ ಡಾಕ್ಟರು ಗಂಡನನ್ನು ಕೂರಿಸಿಕೊಂಡು ಹೇಳಿದರು. ಒಳಗೆ ಕರುಳು ಅಲ್ಲಲ್ಲಿ ಅಂಟಿಕೊಂಡಿದೆ. ಎಳೆದಂತೆ, ಹಿಂಡಿದಂತೆ ನೋವು ಬಂದು ಹೋಗುತ್ತಿರಬಹುದು. ವರ್ಷಗಟ್ಟಲೆ ಇರಬಹುದು. ಹೊರಗೆ ಏನೂ ಕಾಣುವುದಿಲ್ಲ. ಭಾರ ಎತ್ತಬಾರದು. ಸ್ವಲ್ಪ ಸ್ವಲ್ಪವೇ ಐದಾರು ಸಲ ಉಣ್ಣಬೇಕು. ಬಿಸಿನೀರಿನ ಚೀಲ ಇಡಬಹುದು. ಗುಳಿಗೆಯನ್ನು ನೋವು ಏರುವ ಮೊದಲೇ ಕೊಡಬೇಕು, ಏರಿದ ಮೇಲೆ ಕೊಟ್ಟರೆ ಅದು ಹಿಂದೆ ಬೀಳುತ್ತದೆ. "ಮುಖ್ಯವಾಗಿ, ಅವರು ನೋವು ಅಂದ್ರೆ ನೋವು. ಹುಡುಕಿ ನೋಡೋಕೆ ಹೋಗ್ಬೇಡಿ." ಈ ಸಲ ರೇಣುಕಾಪ್ರಸಾದ್ ಒಂದು ಮಾತನ್ನೂ ಬಿಡದೆ ಮನೆಯಲ್ಲಿ ಹೇಳಿದ.

ಶಕುಂತಲಾ ಶಿರಾಳಕೊಪ್ಪಕ್ಕೆ ಬರಲಿಲ್ಲ. ಆಸ್ಪತ್ರೆಯಿಂದಲೇ ಕುಪ್ಪಗಡ್ಡೆಗೆ ಹೋದಳು. ಬಾಣಂತನದಂತೆ ಮೂರು ತಿಂಗಳು ಇರಲಿ ಎಂದು ಹಿರಿಯರು ಒಪ್ಪಿದರು. ರೇಣುಕಾಪ್ರಸಾದ್ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ.

"ಯಾವಾಗ ಬರ್ತೀಯ?" ಎಂದು ಕೇಳಿದ ಒಂದು ಸಲ.

"ಬರ್ತೀನಿ."

"ಯಾವಾಗ?"

ಉತ್ತರ ಕೊಟ್ಟವಳು ಲೋಕಮ್ಮ. "ಇಲ್ಲಿ ನೋವು ಅಂದ್ರೆ ಒಬ್ಬರಿಗೆ ಹೇಳಿದ್ರೆ ಸಾಕು ಅಳಿಯಂದಿರೇ. ಅಲ್ಲಿ ಮೂರು ಜನರ ಬಾಯಿ ದಾಟಿ, ಗೋಡೆಗೆ ಹತ್ತಬೇಕು."

ಶಿರಾಳಕೊಪ್ಪದ ಮನೆಯಲ್ಲಿ ಊಟ ನಡೆಯುತ್ತಿತ್ತು. ಎಮ್ಮೆಯನ್ನು ಮಾರಿದರು. ವೀರಮ್ಮ ರೊಟ್ಟಿ ಬಿಟ್ಟು ಎರಡು ಹೊತ್ತೂ ಅನ್ನ ಮಾಡಿದಳು. ಯಾರೂ ಆಕ್ಷೇಪಿಸಲಿಲ್ಲ. ಗೋಡೆಯ ಕ್ಯಾಲೆಂಡರ್ ಫೆಬ್ರವರಿಯಲ್ಲೇ ನಿಂತಿತ್ತು.

"ಮಾರ್ಚ್ ಬಂತು ಅಪ್ಪ, ತಿರುವಿಲ್ಲ," ಎಂದ ಮಗ.

"ಇರಲಿ."

ಒಂದು ಮಧ್ಯಾಹ್ನ ವೀರಮ್ಮ ಅನ್ನ ಬಡಿಸುತ್ತ ಹೇಳಿದಳು. "ನೀವೊಮ್ಮೆ ಹೋಗಿ ಬರ್ರಿ. ನಾನು ಹೋಗಿ ಅವಳ ಕೈ ಹಿಡ್ಕೊಂಡು ಅತ್ತು ಬಂದೆ. ನಿಮ್ದು ಉಳಿದೈತೆ."

"ನಾನು ಹೋಗಿ ಏನ್ ಹೇಳ್ಲಿ?"

"ಹೇಳಕ್ಕೆ ಅಲ್ಲ. ಕೇಳಕ್ಕೆ."

ಮಾರ್ಚಿನ ಮೂರನೆಯ ಭಾನುವಾರ ಮೇಷ್ಟ್ರು ಮೊಮ್ಮಗಳನ್ನು ಕರೆದುಕೊಂಡು ಹೊರಟರು. ಸೊರಬದಲ್ಲಿ ಬಸ್ಸು ಬದಲಿಸುವಾಗ ಚೈತ್ರಳಿಗೆ ಒಂದು ನೋಟ್‌ಬುಕ್ಕು, ಸೊಸೆಗೆ ಒಂದು ಡಜನ್ ಮೂಸಂಬಿ ತೆಗೆದುಕೊಂಡರು. ದಾರಿಯುದ್ದಕ್ಕೂ ಹುಡುಗಿ ಕಿಟಕಿಯ ಹತ್ತಿರ ಕೂತಿದ್ದಳು. ಮೇಷ್ಟ್ರ ತುಟಿಗಳು ಒಂದೆರಡು ಸಲ ಅಲುಗಿದವು. ಮಗ್ಗಿ ಹೇಳಿಕೊಳ್ಳುತ್ತಿದ್ದಾರೆ ಎಂದು ಅವಳು ತಿಳಿದಳು.

ಕುಪ್ಪಗಡ್ಡೆಯಲ್ಲಿ ಲೋಕಮ್ಮ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟಳು. ಚೈತ್ರ ಒಳಗೆ ಓಡಿ ತಾಯಿಯನ್ನು ತಬ್ಬಿ, ಹೊಟ್ಟೆಯ ಹೊಲಿಗೆ ಜೋಪಾನವೆಂದು ಗದರಿಸಿಕೊಂಡು, ಮತ್ತೆ ಹೊರಗೆ ಬಂದಳು. ಒಳಬಾಗಿಲ ಮರೆಯಲ್ಲಿ ಶಕುಂತಲಾ ಬಂದು ನಿಂತಳು. ಅವಳ ಸೀರೆಯ ಅಂಚು, ಬಾಗಿಲ ಚೌಕಟ್ಟು ಹಿಡಿದ ನಾಲ್ಕು ಬೆರಳು ಮಾತ್ರ ಕಾಣುತ್ತಿದ್ದವು. ಬಳೆ ಮೊಣಕೈಯವರೆಗೆ ಜಾರಿತ್ತು.

ಚೈತ್ರ ಅಭ್ಯಾಸದಂತೆ ಕೇಳಿದಳು. "ಏನಂತ ಕೇಳ್ಲಿ ಅಜ್ಜ?"

"ನೀನು ಬೇಡ. ನಾನೇ ಕೇಳ್ತೀನಿ."

ಮೇಷ್ಟ್ರು ಎದ್ದರು. ಒಳಬಾಗಿಲಿನ ಈಚೆಗೆ ಬಂದು ನಿಂತರು.

"ಶಕುಂತಲಾ," ಎಂದರು.

ಬಾಗಿಲು ಹಿಡಿದ ಬೆರಳುಗಳು ಬಿಗಿಯಾದವು. ಲೋಕಮ್ಮ ಲೋಟ ಕೆಳಗಿಟ್ಟಳು.

"ನಿನಗೆ ಈವತ್ತು ಒಳಗೆ ಗುಣ ಎಷ್ಟಾಣೆ ಐತೆ, ನೋವು ಎಷ್ಟಾಣೆ ಐತೆ, ಎರಡನ್ನೂ ಹೇಳವ್ವ. ನಿಧಾನಕ್ಕೆ ಹೇಳು."

ಮೇಷ್ಟ್ರು ನಿಂತೇ ಇದ್ದರು.

"ಗುಣ ಹತ್ತಾಣೆ ಐತೆ ಮಾವಾರೇ."

"ನೋವು?"

"ನೋವೂ ಹತ್ತಾಣೆ."

ಚೈತ್ರ ಹೊಸ ನೋಟ್‌ಬುಕ್ಕನ್ನು ತೆರೆದಿದ್ದಳು. ಮೊದಲನೆಯ ಅಂಕಿ ಬರೆದು, ಎರಡನೆಯದಕ್ಕೆ ಪೆನ್ಸಿಲ್ಲು ಎತ್ತಿದಳು.

"ತಪ್ಪಮ್ಮ. ಗುಣ ಹತ್ತಾದ್ರೆ ನೋವು ಆರು. ಕೂಡಿದ್ರೆ ಹದಿನಾರೇ ಬರ್ಬೇಕು. ಅಲ್ವಾ ಅಜ್ಜ?"

ಮೇಷ್ಟ್ರು ಬಾಗಿಲ ಕಡೆಯೇ ನೋಡುತ್ತಿದ್ದರು.

"ಅವಳು ಹೇಳಿದ್ದು ಬರ್ಕೊ," ಎಂದರು.

"ಇಪ್ಪತ್ತಾಗ್ತೈತೆ ಅಜ್ಜ!"

"ಆಗಲಿ. ಬರ್ಕೊ."